ಗಾಜಿನ ಹಿಂದೆ ಮಲಗುವ ನೌಕರಿ

ಹಾಸಿಗೆ ಅಂಗಡಿಯ ಗಾಜಿನ ಹಿಂದೆ ಹಾಡಹಗಲೇ ಬಾಯಿ ತೆರೆದು ಮಲಗಿರುತ್ತಿದ್ದ ಮನುಷ್ಯನನ್ನು ನಾನು ಬಹಳ ಕಾಲ ಅಂಗಡಿಯ ಯಜಮಾನನೆಂದೇ ತಿಳಿದಿದ್ದೆ. ಕೆಲಸದ ಹೊತ್ತಿನಲ್ಲಿ ಅಷ್ಟು ನಿಶ್ಚಿಂತೆಯಿಂದ ಗೊರಕೆ ಹೊಡೆಯುವ ಧೈರ್ಯ ಬೇರೆ ಯಾರಿಗಿದ್ದೀತು? ಆಮೇಲೆ ತಿಳಿಯಿತು, ಆತ ಸಂಬಳದ ಆಳು; ಗೊರಕೆಯೇ ಅವನ ಕೆಲಸ.

ಎಲ್ಲರ ಬಾಯಲ್ಲಿ ದಿಂಬಣ್ಣನಾಗಿದ್ದ ಅವನು ಮೊದಲು ಬರಿಯ ಮಾರಾಟಗಾರ. ಒಮ್ಮೆ ಗಿರಾಕಿಗೆ ಹಾಸಿಗೆಯ ಮೆತ್ತನೆ ತೋರಿಸಲು ಕಾಲು ಚಾಚಿದವನು ಮಾತು ಮುಗಿಯುವ ಮೊದಲೇ ನಿದ್ದೆ ಹೋದ. ಗಿರಾಕಿ ಬೆರಗಾಗಿ ಎರಡು ಹಾಸಿಗೆ ಕೊಂಡ. ಯಜಮಾನ ಕೂಡಲೇ ಬಡ್ತಿ ಕೊಟ್ಟು ಗಾಜಿನ ಪಕ್ಕ ಮಲಗಿಸಿದ.

"ನಿದ್ದೆ ಯಾರು ಬೇಕಾದ್ರೂ ಮಾಡ್ತಾರೆ ಕಣಯ್ಯಾ. ನಿನ್ನದು ಪ್ರತಿಭೆ."

ದಿಂಬಣ್ಣ ನಂಬಿಬಿಟ್ಟ. ನೆಂಟರ ಮುಂದೆ ಆಕಳಿಸುವುದರಲ್ಲೂ ಒಂದು ಗತ್ತು ಬಂತು.

ನಂಬದವಳು ಹೆಂಡತಿ. ಗೊರಕೆ ತಟ್ಟನೆ ನಿಂತು ಉಸಿರೂ ನಿಂತಾಗಲೆಲ್ಲ ಮೊಣಕೈಯಿಂದ ತಿವಿಯುವ ಪಾಳಿ ಅವಳದು. "ಇಷ್ಟು ನಿದ್ದೆ ಮಾಡೋರು ಬೆಳಿಗ್ಗೆ ತಲೆ ಹಿಡ್ಕೊಂಡು ಯಾಕ್ರೀ ಏಳ್ತೀರಾ? ಬಿಪಿ ಮಾತ್ರೆ ಒಂದಿದ್ದದ್ದು ಮೂರಾಯ್ತು, ಬಿಪಿ ಮಾತ್ರ ಕದಲಿಲ್ಲ" ಎಂದು ಆಸ್ಪತ್ರೆಗೆ ಎಳೆದೊಯ್ದಳು.

ಮೈತುಂಬ ತಂತಿ ಅಂಟಿಸಿ ನಿದ್ದೆಯ ಪರೀಕ್ಷೆ ನಡೆಯಿತು.

"ಗಂಟೆಗೆ ನಲವತ್ತೆಂಟು ಸಲ ನಿಮ್ಮ ಉಸಿರು ಕಟ್ಟುತ್ತೆ" ಎಂದರು ಡಾಕ್ಟರಮ್ಮ. "ಮೂವತ್ತಾದ್ರೇ ತೀವ್ರ ಅಂತೀವಿ."

ದಿಂಬಣ್ಣ ಹೆಂಡತಿಯತ್ತ ಹೆಮ್ಮೆಯಿಂದ ನೋಡಿದ. "ಯಜಮಾನ್ರು ಸುಮ್ನೆ ಹೊಗಳ್ತಿರಲಿಲ್ಲ ನೋಡು."

"ಹಿಗ್ಗಬೇಡಿ" ಎಂದರು ಡಾಕ್ಟರಮ್ಮ. "ಈ ಲೆಕ್ಕ ಏರಿದಷ್ಟೂ ಬಿಪಿ, ಸಕ್ಕರೆ, ಹೃದಯ ಎಲ್ಲದಕ್ಕೂ ಅಪಾಯ ಹೆಚ್ಚು. ನೀವು ಮಲಗಿರ್ತೀರಿ, ನಿಮ್ಮ ಹೃದಯ ಮೆಟ್ಟಿಲು ಹತ್ತುತ್ತಾ ಇರುತ್ತೆ."

ನಿದ್ದೆಯಲ್ಲಿ ಉಸಿರು ಕಟ್ಟದಂತೆ ಗಾಳಿ ಊದುವ ಯಂತ್ರ, ಅದರ ಮಾಸ್ಕ್ ಮನೆಗೆ ಬಂದವು. ಕೆಲವು ವಾರಗಳಲ್ಲಿ ತಲೆನೋವು ಹೋಯಿತು, ಬಿಪಿ ತುಸು ಇಳಿಯಿತು, ನೌಕರಿಗೆ ಕುತ್ತು ಬಂತು. ರಾತ್ರಿಯ ನಿದ್ದೆ ಸರಿಹೋದ ಮೇಲೆ ಹಗಲು ನಿದ್ದೆ ಎಲ್ಲಿಂದ ಬರಬೇಕು? ಗಾಜಿನ ಹಿಂದೆ ಅವನು ಕಣ್ಣು ಪಿಳಿಪಿಳಿ ಬಿಡುತ್ತಾ ಮಲಗಿದ. ದಾರಿಹೋಕರು ಕೈ ಬೀಸಿದರೆ ತಾನೂ ಬೀಸಿದ.

ಯಜಮಾನನ ತಾಳ್ಮೆ ಕೆಟ್ಟಿತು. "ಎಚ್ಚರ ಇರೋ ಆಳುಗಳು ನನ್ನ ಹತ್ರ ಬೇಕಾದಷ್ಟಿದಾರೆ. ಆ ಮಾಸ್ಕ್ ಮೂಲೆಗಿಡು. ಶನಿವಾರದೊಳಗೆ ಮೊದಲಿನ ಹಾಗಾಗದಿದ್ರೆ ಬೇರೆಯವರನ್ನ ನೋಡ್ಕೋತೀನಿ."

ಹೆಂಡತಿ ಕೇಳಿ ಹೇಳಿದ್ದಿಷ್ಟೇ: "ಇಡಿ. ನಾನಂತೂ ಇನ್ಮೇಲೆ ತಿವಿಯೋದಿಲ್ಲ."

ಮಾಸ್ಕ್ ಮೂಲೆ ಸೇರಲಿಲ್ಲ. ಶನಿವಾರ ದಿಂಬಣ್ಣ ಕಣ್ಣು ಬಿಗಿದು ಸುಳ್ಳು ಗೊರಕೆ ಹೊಡೆಯುತ್ತಿದ್ದ. ಯಜಮಾನ ಪಕ್ಕದಲ್ಲೇ ಕಾವಲು. ಅಷ್ಟರಲ್ಲಿ ಗಿರಾಕಿಯೊಬ್ಬ ಬಂದು, ಗೊರಕೆ ಹೊಡೆಯುತ್ತಿದ್ದವನ ಭುಜ ತಟ್ಟಿ ವಿನಯದಿಂದ ವಿಚಾರಿಸಿದ:

"ಸಾರ್, ಈ ಹಾಸಿಗೆ ತಗೊಂಡ್ರೆ ನಂಗೂ ನಿಮ್ಮ ಹಾಗೇ ನಿದ್ದೆ ಬರುತ್ತಾ?"

ಹೂಂ ಅನ್ನು ಎಂದು ಯಜಮಾನ ಕಾಲಿನ ಹೆಬ್ಬೆರಳು ಚಿವುಟಿದ. ದಿಂಬಣ್ಣ ಎದ್ದು ಕೂತ.

"ನನ್ನ ಹಾಗೆ ನಿದ್ದೆ ಬಂದ್ರೆ, ಇಲ್ಲಿಗೆ ಬರಬೇಡಿ. ಆಸ್ಪತ್ರೆಗೆ ಹೋಗಿ."