ಈರಪ್ಪ ನಂಬದ ನನ್ನ ಒಂದು ಖರೆ ಮಾತು

ತಿಮ್ಮಾಪುರದ ಬೇಟೆನಾಯಿಯನ್ನ ನನ್ನ ಮೂರು ಗಾಲಿಯ ಟಂಟಂ ಗಾಡಿಯ ರಿವರ್ಸ್ ಗೇರಿನಾಗ ಹಿಂದ ಹಾಕಿದಾಂವ ನಾನು. ಬನಹಟ್ಟಿಯಿಂದ ಜಮಖಂಡಿಗೆ ಹೋಗೂ ದಾರಿಯಾಗ ಈ ಕಥಿ ಕೇಳದ ಪ್ಯಾಸೆಂಜರ್ ಇರಲಿಲ್ಲ. ಛಲೋ ದಿನಾ ಅವು, ಜನ ಮನಸ್ಸು ಬಿಚ್ಚಿ ನಗತಿದ್ರು.

ಆ ನಗೂ ಮಂದಿಯೊಳಗ ರತ್ನವ್ವನೂ ಒಬ್ಬಾಕಿ. ಗಂಡ ಎಚ್ಐವಿಯಿಂದ ತೀರಿಕೊಂಡಿದ್ದ, ಆಕಿಗೂ ಅದು ಬಂದಿತ್ತು. ತಿಂಗಳಾ ದವಾಖಾನಿಗೆ ಹೋಗಿ ಗುಳಿಗಿ ತರಾಕ ನನ್ನ ಗಾಡೀನ ಬೇಕು ಆಕಿಗೆ. ಪವರ್‌ಲೂಮಿನಾಗ ಸೀರಿ ನೇಯುವ ಈರಪ್ಪ ಆಕಿಯನ್ನ ಮದುವಿ ಆಗತೇನಿ ಅಂದಿದ್ದ. ಆಕಿಗೂ ಮನಸಿತ್ತು, ಬ್ಯಾನಿ ಮಾತು ಹೇಳಾಕ ಧೈರ್ಯ ಇರಲಿಲ್ಲ.

"ಕಾಕಾ, ನೀವ ಹೇಳ್ರಿ. ಮುಚ್ಚಿಟ್ಟು ನಾ ಸಂಸಾರ ಮಾಡಾಂಗಿಲ್ಲ," ಅಂದ್ಲು.

ಒಂದಿನ ಇಬ್ಬರನ್ನೂ ಕೂಡಿಸಿಕೊಂಡು ಹೋಗಿ, ದಾರಿಯಾಗ ಗಾಡಿ ನಿಲ್ಲಿಸಿ ಹೇಳೇಬಿಟ್ಟೆ. ಈರಪ್ಪ ಬಿದ್ದುಬಿದ್ದು ನಕ್ಕ. "ನಾಯಿ ಕಥಿ ಹಳೇದಾತಂತ ಇದನ್ನ ಕಟ್ಟೀರೇನ್ರಿ ಕಾಕಾ?"

ರತ್ನವ್ವನೇ ತಲಿ ಎತ್ತಿದಳು. "ಕಾಕಾ ಹೇಳಿದ್ದು ಖರೇನ ಐತ್ರಿ. ಬ್ಯಾಡಾದ್ರ ಇಲ್ಲೇ ಇಳೀರಿ."

ಈರಪ್ಪನ ನಗು ನಿಂತಿತು. ಆದ್ರ ಗಾಡಿ ಇಳೀಲಿಲ್ಲ. ರತ್ನವ್ವನ್ನ ಕೇಳಿದ: "ಗುಳಿಗಿ ಊಟಕ್ಕ ಮೊದಲೋ, ಊಟ ಆದಮ್ಯಾಲೋ?"

"ಆದಮ್ಯಾಲೆ."

"ಹಂಗಾರ ಕೂಡೇ ಉಣ್ಣೂಣು. ಮುಂದಿಂದು ಹೆಂಗಂತ ಡಾಕ್ಟರನ್ನ ನಾನೂ ಬಂದು ಕೇಳತೇನಿ."

ಆಮ್ಯಾಲೆ ಇಬ್ಬರೂ ಕೂಡೇ ಬರತಿದ್ರು. ಗಾಡಿ ಖಾಲಿ ಇದ್ರೂ ಒಬ್ಬರಿಗೊಬ್ಬರು ಒತ್ತೇ ಕೂಡತಿದ್ರು.

ಈರಪ್ಪ ನಾಯಿ ಕಥಿ ಮಾತ್ರ ಇವತ್ತಿಗೂ ಒಪ್ಪಿಲ್ಲ. ಆ ನಾಯೀನೇ ಬಂದು ಸಾಕ್ಷಿ ಹೇಳಬೇಕಂತ.