ಮೇಜಿನ ಮೇಲೊಂದು ಹೋಟೆಲು

ಹೋಟೆಲು ಮುಚ್ಚಿದ ದಿನ ಅಲ್ಲಿದ್ದ ಸಾಮಾನನ್ನೆಲ್ಲ ಟೆಂಪೋಗೆ ಹೇರಿ ಮನೆಗೆ ತಂದು ಹಾಕಿದೆ. “ಒಂದು ವಾರ, ಅಷ್ಟೇ” ಎಂದೆ ಹೆಂಡತಿಗೆ. ಆ ವಾರ ಎರಡು ವರ್ಷ ನಡೆಯಿತು.

ಸೂರತ್ತಿನ ಹತ್ತಿರ ಸಚಿನ್ ಎಂಬ ಊರಿನಲ್ಲಿ, ಕಾರ್ಖಾನೆಗಳ ನಡುವೆ, ಇಪ್ಪತ್ತೆಂಟು ವರ್ಷ ನಮ್ಮ ಉಡುಪಿ ಹೋಟೆಲಿತ್ತು. ಕಟ್ಟಡದ ಯಜಮಾನರಿಗೆ ಜಾಗ ಬೇಕಾಯಿತು, ಬಿಟ್ಟುಕೊಟ್ಟೆ. ಬೇರೆಲ್ಲಾದರೂ ಮತ್ತೆ ತೆರೆಯುವ ಆಸೆ ಮನಸ್ಸಿನಲ್ಲಿದ್ದುದರಿಂದ ಒಂದು ಸೌಟನ್ನೂ ಬಿಸಾಡಲಿಲ್ಲ. ಫ್ಲ್ಯಾಟಿನ ಅಟ್ಟ ತುಂಬಿತು, ಬಾಲ್ಕನಿ ತುಂಬಿತು. ಹಾಲ್‌ನಲ್ಲಿ ಇಡ್ಲಿ ಬೇಯಿಸುವ ಅಟ್ಟಿನಳಗೆ, ಸಾಂಬಾರಿನ ಕೊಪ್ಪರಿಗೆ, ರುಬ್ಬುವ ಯಂತ್ರ, ಗೋಣಿಚೀಲದಲ್ಲಿ ಸ್ಟೀಲು ಲೋಟಗಳು. ಮೇಜುಗಳಿಗೆ ಟೆಂಪೋದಲ್ಲಿ ಜಾಗವಾಗದೆ ಒಂದು ಮಾತ್ರ ಬಂದಿತ್ತು. ಅದರ ಮೇಲೆ ಸೂರಿನವರೆಗೆ ಪಾತ್ರೆ ಪೇರಿಸಿ, ಅಡಿಯಲ್ಲೊಂದು ಮೇಜಿದೆ ಎಂಬುದನ್ನೇ ಮರೆತಿದ್ದೆ.

ಹೆಂಡತಿ ಮಂಚದ ಅಂಚಿನಲ್ಲಿ ಕೂತು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದಳು. ನಾನು ಬಾಲ್ಕನಿಯಲ್ಲಿ, ಕೊಪ್ಪರಿಗೆಗಳ ನಡುವೆ ಹೇಗೋ ತೂರಿಸಿದ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಒಂದು ಮಧ್ಯಾಹ್ನ ಅವಳೇ ಮಾತು ತೆಗೆದಳು.

“ಮನೆ ಚೊಕ್ಕ ಆಗ್ಬೇಕು ಅಂತ ನಂಗೇನಿಲ್ಲ ಮಾರಾಯ್ರೆ. ನಿಮ್ಮ ಎದುರು ಕೂತು ಊಟ ಮಾಡ್ಬೇಕು ಅಂತ ಉಂಟು. ಮದುವೆ ಆದ ಮೇಲೆ ಅದೊಂದು ಆಗ್ಲೇ ಇಲ್ಲ.”

ವಾದ ಮಾಡಲು ಬಾಯಿ ತೆರೆದೆ. ಯೋಚಿಸಿದರೆ ಅವಳು ಹೇಳಿದ್ದು ನಿಜ. ಮಧ್ಯಾಹ್ನದ ಗಲಾಟೆ ಮುಗಿದ ಮೇಲೆ ಅವಳು ಹೋಟೆಲಿಗೆ ಬಂದು ಮೂಲೆಯ ಮೇಜಿನಲ್ಲಿ ಒಬ್ಬಳೇ ಉಂಡು ಹೋಗುತ್ತಿದ್ದಳು. ನಾನು ಗಲ್ಲಾದಲ್ಲಿ ಕೂತು ದೂರದಿಂದಲೇ ತಲೆಯಾಡಿಸುತ್ತಿದ್ದೆ. ಸಾವಿರಾರು ಜನರನ್ನು ಕೂರಿಸಿ ಉಣಿಸಿದವನು ಹೆಂಡತಿಯ ಎದುರು ಒಂದು ದಿನವೂ ಕೂರಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು. ನನಗೆ ನಿಜಕ್ಕೂ ನಾಚಿಕೆಯಾಯಿತು.

ವಡೋದರಾದ ಅಲ್ಕಾಪುರಿಯಲ್ಲಿ ಕೆಲಸದಲ್ಲಿರುವ ಮಗಳಿಗೆ ಫೋನ್ ಮಾಡಿದೆ. ಅವಳ ಕನ್ನಡ ಅರ್ಧ ದಾರಿಗೆ ಬಂದು ಹಿಂದಿಗೆ ತಿರುಗುತ್ತದೆ. “ಪಪ್ಪಾ, ಪೆಹಲೇ ಒಂದು ಡ್ರಾಯರ್ ಸಾಫ್ ಮಾಡಿ. ಬಸ್, ಒಂದೇ” ಎಂದು ಒಂದು ವೀಡಿಯೊ ಕಳಿಸಿದಳು. ಅದರಲ್ಲಿ ಒಬ್ಬಾಕೆ ನಗುನಗುತ್ತ ಬಟ್ಟೆ ಮಡಚುತ್ತಿದ್ದಳು. ನಮ್ಮ ಮನೆಯಲ್ಲಿ ಡ್ರಾಯರ್ ಮುಟ್ಟಬೇಕಾದರೆ ಮೊದಲು ಕೊಪ್ಪರಿಗೆ ಹಾರಬೇಕು.

ಭಾನುವಾರ ಬೆಳಿಗ್ಗೆ ಲುಂಗಿ ಎತ್ತಿ ಕಟ್ಟಿ ಹಾಲ್‌ನ ನಡುವೆ ನಿಂತೆ. ಒಂದು ಪಾತ್ರೆ ಎತ್ತಿದೆ, ಇನ್ನೊಂದು ಕಡೆ ಇಟ್ಟೆ. ಗೋಣಿ ಬಿಚ್ಚಿ ಲೋಟಗಳನ್ನು ನೋಡಿದೆ, ಮತ್ತೆ ಕಟ್ಟಿದೆ. ಒಂದು ಗಂಟೆ ಹೋಯಿತು, ಎಲ್ಲ ಇದ್ದಲ್ಲೇ ಇತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿಗೆ ನಗು ತಡೆಯಲಿಲ್ಲ.

“ಹೊಸ ಕ್ಲೀನರ್‌ಗಳಿಗೆ ಎಂತ ಹೇಳ್ತಿದ್ರಿ ನೀವು? ನೆನಪುಂಟಾ?”

ನೆನಪಿರದೆ ಏನು! ಊಟದ ಹೊತ್ತು ಮುಗಿದಾಗ ಹನ್ನೆರಡು ಮೇಜೂ ಎಂಜಲಾಗಿರುತ್ತಿತ್ತು. ಕೆಲಸಕ್ಕೆ ಹೊಸದಾಗಿ ಸೇರಿದವರು ಅದನ್ನು ನೋಡಿ ಕೈಕಾಲು ಆಡದೆ ನಿಂತುಬಿಡುತ್ತಿದ್ದರು. ನಾನು ಗಲ್ಲಾದಿಂದಲೇ ಕೂಗುತ್ತಿದ್ದೆ: “ಹಾಲ್ ನೋಡ್ಬೇಡ, ಮೇಜು ನೋಡು! ಒಂದು ಮುಗಿಸಿ ಇನ್ನೊಂದು!”

ಸರಿ, ಮೇಜು ನೋಡಿದೆ. ಬೇರೆ ಯಾವುದರ ಕಡೆಗೂ ಕಣ್ಣು ಹಾಯಿಸಲಿಲ್ಲ. ಮೇಲಿನಿಂದ ಒಂದೊಂದೇ ಪಾತ್ರೆ ಇಳಿಸಿ ಕೊಟ್ಟೆ. ಇಬ್ಬರ ಅಡುಗೆಗೆ ಆಗುವುದನ್ನು ಅವಳು ಒಳಗೆ ಒಯ್ದಳು, ಉಳಿದದ್ದು ಬಾಗಿಲ ಬಳಿ ಹೋಯಿತು. ಒಳಗೆ ಹೋದದ್ದು ಎರಡು ಸೌಟು, ಒಂದು ಕಾಫಿ ಫಿಲ್ಟರು. ಮಧ್ಯಾಹ್ನದ ಹೊತ್ತಿಗೆ ಬಿಳಿ ಕಲ್ಲಿನ ಹಾಸು ಕಾಣಿಸಿತು, ಅಂಚಿನಲ್ಲಿ ಸಣ್ಣದಾಗಿ ಚೆಕ್ಕೆ ಎದ್ದದ್ದೂ ಕಾಣಿಸಿತು. ಅವಳು ಅದನ್ನು ಬೆರಳಲ್ಲಿ ಸವರಿ, “ಇದು ನನ್ನ ಮೇಜು!” ಎಂದಳು. ಹೌದು, ಅದೇ ಮೂಲೆಯ ಮೇಜು.

ಆ ಹುರುಪಿನಲ್ಲಿ ನೆಲದ ಸಾಮಾನಿಗೂ ಕೈ ಹಾಕಿದೆವು. ಎಲ್ಲ ಸಲೀಸಾಗಿ ಹೋಯಿತು, ರುಬ್ಬುವ ಯಂತ್ರ ಬಂದಾಗ ಮಾತ್ರ ನಾನು ಅಡ್ಡ ನಿಂತೆ.

“ಇದು ಇರ್ಲಿ. ಹೋಟೆಲು ಮತ್ತೆ ತೆಗೆದ್ರೆ ಬೇಕಲ್ಲ?”

ಅವಳು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು, ಸ್ವಲ್ಪವೂ ಗೇಲಿಯಿಲ್ಲದೆ ಕೇಳಿದಳು: “ತೆಗೀತೀರಾ?”

ಅರವತ್ತನಾಲ್ಕು ವಯಸ್ಸು, ಎರಡೂ ಮಂಡಿ ನೋವು. “ಇಲ್ಲ” ಎಂದೆ. ಎರಡು ವರ್ಷದಿಂದ ಹೇಳದೆ ಇಟ್ಟುಕೊಂಡಿದ್ದ ಮಾತು ಅದು. ಹೇಳಿದ ಮೇಲೆ ಅಳು ಬಂತು, ಅತ್ತುಬಿಟ್ಟೆ. ಅವಳು ನೀರು ತಂದುಕೊಟ್ಟು ಪಕ್ಕದಲ್ಲೇ ನಿಂತಳು. ಅತ್ತು ಮುಗಿದ ಮೇಲೆ ಹಗುರಾಯಿತು, ಹಸಿವೂ ಆಯಿತು.

ಮರುದಿನ, ನಾನು ಫೋನ್ ಮಾಡಿ ಹೇಳಿದ್ದಕ್ಕೆ, ವಡೋದರಾದಿಂದ ಅಡುಗೆ ಕಂತ್ರಾಟು ಮಾಡುವ ನಮ್ಮೂರ ಕಡೆಯವನೊಬ್ಬ ಟೆಂಪೋ ತಂದ. ರುಬ್ಬುವ ಯಂತ್ರವನ್ನು ಹೆಣ್ಣು ನೋಡಲು ಬಂದವನ ಹಾಗೆ ಸುತ್ತಿ ಸುತ್ತಿ ನೋಡಿ, “ನಾಡಿದ್ದೇ ಒಂದು ಮದುವೆ ಉಂಟು, ಇದರಲ್ಲೇ ಹಿಟ್ಟು” ಎಂದ. ನನಗೆ ಖುಷಿಯಾಯಿತು. ದುಡಿಯುವ ಯಂತ್ರ ಅದು, ನನ್ನ ಹಾಲ್‌ನಲ್ಲಿ ಧೂಳು ತಿನ್ನುತ್ತಿತ್ತು. ಎಲ್ಲ ಹೇರಿಯಾದ ಮೇಲೆ ಅವನು ಒಳಗೆ ಇಣುಕಿ ಕೇಳಿದ, “ಆ ಮೇಜೂ ಕೊಡ್ತೀರಾ ಅಣ್ಣ?”

ಹೆಂಡತಿ ನನ್ನ ಮುಖ ನೋಡಿದಳು.

“ಅದು ರಿಸರ್ವ್ ಆಗಿದೆ ಮಾರಾಯ” ಎಂದೆ.

ಅವತ್ತು ಮಧ್ಯಾಹ್ನ ಅನ್ನ, ಸೂರತ್ತಿನ ಪಾಪಡಿ ಅವರೆಯ ಹುಳಿ, ಹಪ್ಪಳ, ಉಪ್ಪಿನಕಾಯಿ. ನಾನೇ ಬಡಿಸಿ ಅವಳ ಎದುರು ಕೂತೆ. ಅವಳು ಎಡಮೊಣಕೈಯನ್ನು ಮೇಜಿಗೆ ಊರಿ ನಿಧಾನವಾಗಿ ಉಣ್ಣುತ್ತಾಳೆ, ಉಪ್ಪಿನಕಾಯಿಯನ್ನು ಕೊನೆಯ ತುತ್ತಿಗೆ ಉಳಿಸಿಕೊಳ್ಳುತ್ತಾಳೆ. ಮದುವೆಯಾಗಿ ಮೂವತ್ತು ವರ್ಷ ದಾಟಿದ ಮೇಲೆ ನನಗೆ ಇದು ಗೊತ್ತಾಯಿತು.

ಅವಳು ಕೊನೆಯ ತುತ್ತು ಬಾಯಿಗಿಟ್ಟಳು. ನನಗೆ ಹಳೆಯ ಅಭ್ಯಾಸ, ಒರೆಸುವ ಬಟ್ಟೆಗೆ ಕೈ ಚಾಚಿ ಅರ್ಧ ಎದ್ದೇಬಿಟ್ಟಿದ್ದೆ.

“ಕೂತ್ಕೊಳ್ಳಿ ಮಾರಾಯ್ರೆ” ಎಂದಳು. “ಈ ಮೇಜಿಗೆ ಯಾರೂ ಕಾಯ್ತಾ ಇಲ್ಲ.”

ನಾನು ಕೂತೆ.