ಕರ್ಪೂರದ ಆಣೆ

ಯಶವಂತಪುರ ಮಾರುಕಟ್ಟೆಯ ಹಿಂದಿನ ಟೀ ಅಂಗಡಿ ಪಕ್ಕ ನಾವು ನಾಲ್ವರು ಹೆಂಗಸರು ಕರ್ಪೂರ ಹಚ್ಚಿ ಆಣೆ ಮಾಡಿದೆವು. ಗಿರಾಕಿ ಎಷ್ಟೇ ಹೆಚ್ಚು ಕೊಡಲಿ, ಕಾಂಡೋಮ್ ಇಲ್ಲದೆ ಯಾರೂ ಹೋಗಕೂಡದು. ನಾಲ್ವರೂ ಒಲ್ಲೆ ಎಂದರೆ ಅವನು ತಾನೇ ಎಲ್ಲಿಗೆ ಹೋಗುತ್ತಾನೆ? ಉಪಾಯ ನನ್ನದು. ಕರ್ಪೂರವೂ ನನ್ನದು. ದಂಧೆಯಲ್ಲಿ ಹನ್ನೆರಡು ವರ್ಷ ಕಳೆದವಳು, ಎಲ್ಲರಿಗೂ ಅಕ್ಕ. ಬುದ್ಧಿ ಹೇಳುವ ಚಪಲ ಮೊದಲಿನಿಂದಲೂ ಇದೆ.

ಆಣೆ ಹತ್ತೊಂಬತ್ತು ದಿನ ನಿಂತಿತು. ಇಪ್ಪತ್ತನೆಯ ದಿನ ಮಧ್ಯಾಹ್ನ ಗೂಡ್ಸ್ ಗಾಡಿ ಓಡಿಸುವ ಹಳೇ ಗಿರಾಕಿಯೊಬ್ಬ ಬಂದು, ಕಾಂಡೋಮ್ ಬೇಡ, ಐನೂರು ಜಾಸ್ತಿ ಕೊಡುತ್ತೇನೆ ಎಂದ. ಆ ವಾರ ಪೊಲೀಸರ ಓಡಾಟ ಹೆಚ್ಚಾಗಿ ಗಿರಾಕಿಗಳೇ ಇರಲಿಲ್ಲ. ಮನೆಯಲ್ಲಿ ಗ್ಯಾಸ್ ಮುಗಿದು ಎರಡು ದಿನವಾಗಿತ್ತು; ಮಗಳು ಬ್ರೆಡ್ಡು ತಿಂದು ಪರೀಕ್ಷೆಗೆ ಹೋಗುತ್ತಿದ್ದಳು. ಕರ್ಪೂರವನ್ನು ನೆನೆದೆ. ಸಿಲಿಂಡರನ್ನೂ ನೆನೆದೆ. ಸಿಲಿಂಡರ್ ದೊಡ್ಡದಿತ್ತು.

ಮರುದಿನ ಎಲ್ಲರ ಎದುರು ಆಣೆಯ ಮಹತ್ವದ ಬಗ್ಗೆ ಇನ್ನೊಂದು ಭಾಷಣ ಬಿಗಿದೆ.

ಒಂದೂವರೆ ತಿಂಗಳಾದ ಮೇಲೆ ಹೆದರಿಕೆ ತಡೆಯಲಾಗದೆ ರಕ್ತ ಪರೀಕ್ಷೆಗೆ ಹೊರಟೆ. ಗುರುತಿನವರು ಸಿಕ್ಕಾರೆಂದು ಬಸ್ಸು ಹತ್ತಿ ಯಲಹಂಕದ ಕಡೆಯ ಒಂದು ಆಸ್ಪತ್ರೆಗೆ ಹೋದೆ. ಅಲ್ಲಿ ಬೆಂಚಿನ ಮೇಲೆ ಆಣೆ ಮಾಡಿದ್ದ ಉಳಿದ ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು.

“ಶುಗರ್ ನೋಡಿಸ್ಕೊಳ್ಳೋಕೆ ಬಂದೆ,” ಎಂದೆ.

“ನಮ್ಗೂ ಶುಗರ್ರೇ ಅಕ್ಕ,” ಎಂದಳು ಒಬ್ಬಳು.

ನಕ್ಕೆವು. ಆಮೇಲೆ ಬಾಯಿ ಬಿಟ್ಟೆವು. ಎಲ್ಲರ ಹತ್ತಿರವೂ ಅದೇ ಗಾಡಿಯವನು ಹೋಗಿದ್ದ. ನನಗೆ ಐನೂರು ಕೊಟ್ಟವನು ಎರಡನೆಯವಳಿಗೆ ಮುನ್ನೂರು, ಮೂರನೆಯವಳಿಗೆ ಇನ್ನೂರು ಕೊಟ್ಟಿದ್ದ. ನಾಲ್ಕನೆಯವಳು ಇಬ್ಬರು ಮಕ್ಕಳ ತಾಯಿ, ಗಂಡ ಬಿಟ್ಟುಹೋದ ಮೇಲೆ ಆ ವರ್ಷವಷ್ಟೇ ನಮ್ಮ ಜೊತೆ ಸೇರಿದವಳು. ಅವಳು ಮಡಿಲಲ್ಲಿದ್ದ ಬ್ಯಾಗಿನ ಜಿಪ್ ಎಳೆಯುತ್ತಿದ್ದಳು.

“ನಿಂಗೆಷ್ಟು ಕೊಟ್ಟ?” ಎಂದೆ.

“ಜಾಸ್ತಿ ಏನೂ ಕೊಡ್ಲಿಲ್ಲ ಅಕ್ಕ. ‘ನಿಮ್ಮಕ್ಕನೇ ಒಪ್ಪಿದ್ಲು, ನಿಂದೇನು ದೊಡ್ಡ ಆಣೆ? ಆಗಲ್ಲ ಅಂದ್ರೆ ಬಿಡು, ಬೇರೆಯವ್ರಿದ್ದಾರೆ’ ಅಂದ. ಬಾಡಿಗೆ ಕಟ್ಬೇಕಿತ್ತು. ಒಪ್ಕೊಂಡೆ.”

ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮಧ್ಯಾಹ್ನ ಫಲಿತಾಂಶ ಬಂತು. ನಮ್ಮ ಮೂವರಿಗೆ ಏನೂ ಇಲ್ಲ, ಹೋಗಬಹುದು ಎಂದರು. ನಾಲ್ಕನೆಯವಳನ್ನು ಮಾತ್ರ ಒಳಗೆ ಕರೆದರು. ಇನ್ನೊಮ್ಮೆ ರಕ್ತ ಬೇಕಂತೆ.

“ಸ್ವಲ್ಪ ಹಿಡ್ಕೊಂಡಿರಕ್ಕ,” ಎಂದು ಬ್ಯಾಗನ್ನು ನನ್ನ ಕೈಗೇ ಕೊಟ್ಟು ಒಳಗೆ ಹೋದಳು.

ಹಿಡಿದುಕೊಂಡು ನಿಂತೆ. ಮನೆಯಲ್ಲಿ ಆ ಐನೂರರ ಸಿಲಿಂಡರ್ ಇನ್ನೂ ಮುಗಿದಿರಲಿಲ್ಲ.